ಕೆಲಸಗಾರರ ದಾಖಲೆ: ಚೆಕ್‌ರೋಲಿನಿಂದ ಕಂಪ್ಯೂಟರಿಗೆ



ಒಬ್ಬ ಮನುಷ್ಯ ಕೆಲಸಕ್ಕೆ ಸೇರಿದ ದಿನ ಅವನ ಹೆಸರನ್ನು ಎಲ್ಲೋ ಒಂದು ಕಡೆ ಬರೆದುಕೊಳ್ಳುತ್ತಾರೆ. ಮುಂದೆ ಅವನಿಗೆ ಸಿಗುವ ಸಂಬಳ, ರಜೆ, ಭವಿಷ್ಯನಿಧಿ, ಕೊನೆಗಾಲದ ಪಿಂಚಣಿ ಎಲ್ಲವೂ ಆ ಒಂದು ಬರಹದ ಮೇಲೆ ನಿಂತಿರುತ್ತವೆ. ಆ ಬರಹ ಈಗ ಹೇಗೆ ಆಗುತ್ತದೆ, ಅದರಲ್ಲಿ ಎಲ್ಲೆಲ್ಲಿ ತಪ್ಪು ನುಸುಳುತ್ತದೆ, ನಮ್ಮಂಥ ಎರಡು ಭಾಷೆಯ ಗಡಿಜನ ಯಾವುದರ ಮೇಲೆ ಕಣ್ಣಿಡಬೇಕು ಎಂಬುದನ್ನು ಇಂದಿನ ಮಾತಿನಲ್ಲಿ ಹೇಳಬೇಕೆಂದಿದ್ದೇನೆ.

ಮೊದಲು ಹಳೆಯ ಪದ್ಧತಿಯನ್ನು ನೆನಪು ಮಾಡಿಕೊಳ್ಳೋಣ. ಕೊಡಗಿನ ಕಾಫಿ ತೋಟಗಳಲ್ಲಿ ದುಡಿದು ಬಂದವರಿಗೆ ಚೆಕ್‌ರೋಲ್ ಎಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ. ಬೆಳಿಗ್ಗೆ ಮೇಸ್ತ್ರಿ ಆಳುಗಳನ್ನು ನಿಲ್ಲಿಸಿ ಹೆಸರು ಕೂಗುತ್ತಾನೆ, ತೋಟದ ರೈಟರು ಆ ಹೆಸರಿನ ಎದುರು ಗುರುತು ಹಾಕುತ್ತಾರೆ, ವಾರದ ಕೊನೆಗೆ ಗುರುತುಗಳನ್ನು ಎಣಿಸಿ ಕೂಲಿ ಬಟವಾಡೆ. ಆ ಪುಸ್ತಕದಲ್ಲೂ ತಪ್ಪುಗಳಿದ್ದವು, ಮೋಸವೂ ಇತ್ತು. ಆದರೆ ಒಂದು ಅನುಕೂಲವಿತ್ತು. ರೈಟರಿಗೆ ಮುಖದ ಪರಿಚಯವಿತ್ತು. ಪುಸ್ತಕದಲ್ಲಿ ಕಾಳ ಎಂದಿರಲಿ, ಕಾಳನ್ ಎಂದಿರಲಿ, ಎದುರಿಗೆ ನಿಂತವನು ಯಾರೆಂದು ಅವರಿಗೆ ತಿಳಿದಿತ್ತು.

ಈಗಿನ ಪುಸ್ತಕಕ್ಕೆ ಮುಖದ ಪರಿಚಯವಿಲ್ಲ, ಅಕ್ಷರದ ಪರಿಚಯ ಮಾತ್ರ. ಈ ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದದ್ದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಇಂದು ದೊಡ್ಡ ತೋಟವಿರಲಿ, ಬೆಂಗಳೂರಿನ ಕಾರ್ಖಾನೆಯಿರಲಿ, ಆಸ್ಪತ್ರೆಯಿರಲಿ, ನೌಕರರ ವಿವರ ಇರುವುದು ಕಂಪ್ಯೂಟರಿನಲ್ಲಿ. ಸರ್ಕಾರಗಳೂ ಹಾಗೆಯೇ. ಕೇರಳ ಸರ್ಕಾರಿ ನೌಕರರ ಸೇವಾ ವಿವರ, ಸಂಬಳದ ಬಿಲ್ಲು ಎಲ್ಲ ಸ್ಪಾರ್ಕ್ ಎಂಬ ವ್ಯವಸ್ಥೆಯಲ್ಲಿದೆ. ಪ್ರತಿಯೊಬ್ಬರಿಗೂ ಪೆನ್ ಎಂಬ ಕಾಯಂ ನಂಬರು. ಕರ್ನಾಟಕದಲ್ಲಿ ಇದೇ ಕೆಲಸಕ್ಕೆ ಎಚ್‌.ಆರ್‌.ಎಂ.ಎಸ್. ಇದೆ. ನಮ್ಮ ಶಾಲೆಗಳ ಮೇಷ್ಟ್ರುಗಳಿಗೆ ಈ ಎರಡು ಹೆಸರುಗಳು ಚೆನ್ನಾಗಿ ಗೊತ್ತು.

ಒಂದು ಸಂಸ್ಥೆಯಲ್ಲಿ ಒಂದೇ ಕಂಪ್ಯೂಟರ್ ವ್ಯವಸ್ಥೆ ಇರುವುದಿಲ್ಲ. ಕೆಲಸಕ್ಕೆ ಆರಿಸಿಕೊಳ್ಳುವ ವಿಭಾಗದ್ದು ಒಂದು, ಹಾಜರಿಯದು ಇನ್ನೊಂದು, ಸಂಬಳದ್ದು ಮತ್ತೊಂದು. ಹೊಸಬ ಸೇರಿದಾಗ ಮೂರು ಕಡೆಯೂ ಗುಮಾಸ್ತರು ಕೂತು ಅದದೇ ವಿವರ ಬರೆಯಬೇಕಾದರೆ ಮೂರು ಸಲ ತಪ್ಪಾಗಲು ಅವಕಾಶ. ಅದಕ್ಕಾಗಿ ಒಂದು ಯಂತ್ರವೇ ಇನ್ನೊಂದು ಯಂತ್ರಕ್ಕೆ ವಿವರವನ್ನು ದಾಟಿಸುವ ಏರ್ಪಾಡು ಮಾಡಿದ್ದಾರೆ. ಈ ಏರ್ಪಾಡಿನ ಹೆಸರು ಎ.ಪಿ.ಐ., ಅಪ್ಲಿಕೇಶನ್ ಪ್ರೋಗ್ರಾಮಿಂಗ್ ಇಂಟರ್‌ಫೇಸ್. ಹೆಸರು ದೊಡ್ಡದು, ವಿಷಯ ಸಣ್ಣದು.

ರೈಲ್ವೆ ಸ್ಟೇಷನ್ನಿನ ಟಿಕೆಟ್ ಕೌಂಟರನ್ನು ನೆನೆಸಿಕೊಳ್ಳಿ. ಗೋಡೆಯಲ್ಲಿ ಒಂದು ಕಿಂಡಿ. ಒಳಗೆ ಏನಿದೆ, ಲೆಕ್ಕ ಹೇಗೆ ಇಡುತ್ತಾರೆ ಎಂಬುದು ಹೊರಗಿನವನಿಗೆ ಬೇಕಾಗಿಲ್ಲ. ಕಿಂಡಿಯಲ್ಲಿ ಕೊಡಬೇಕಾದ ಫಾರ್ಮಿಗೆ ಒಂದು ಕ್ರಮವಿದೆ. ಆ ಕ್ರಮದಲ್ಲಿ ತುಂಬಿ ಕೊಟ್ಟರೆ ಟಿಕೆಟ್ ಬರುತ್ತದೆ, ಇಲ್ಲದಿದ್ದರೆ ಫಾರ್ಮು ಹಿಂದೆ ಬರುತ್ತದೆ. ಎ.ಪಿ.ಐ. ಕೂಡ ಅಂಥದೇ ಕಿಂಡಿ. ಹೊರಗೆ ಸಾಲಿನಲ್ಲಿ ನಿಂತಿರುವುದು ಮನುಷ್ಯನಲ್ಲ, ಇನ್ನೊಂದು ಕಂಪ್ಯೂಟರ್. ಅಂತರ್ಜಾಲದಲ್ಲಿ ಇಂಥ ಕಿಂಡಿಗಳನ್ನು ಹೇಗೆ ಕಟ್ಟಿದರೆ ಒಳ್ಳೆಯದು ಎಂಬ ಬಗ್ಗೆ ರಾಯ್ ಫೀಲ್ಡಿಂಗ್ ಎಂಬವರು 2000ನೇ ಇಸವಿಯಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಒಂದು ಪಿಎಚ್‌.ಡಿ. ಪ್ರಬಂಧ ಬರೆದರು. ಇಂದು ಲೋಕದಲ್ಲೆಲ್ಲ ನಡೆಯುತ್ತಿರುವ ಪದ್ಧತಿ ಬಹುಮಟ್ಟಿಗೆ ಅದರಿಂದ ಬಂದದ್ದು.

ಒಬ್ಬ ನೌಕರನ ದಾಖಲೆ ಈ ಕಿಂಡಿಯಲ್ಲಿ ಹೇಗೆ ಹುಟ್ಟುತ್ತದೆ ಎಂದು ಒಂದು ಉದಾಹರಣೆ ಹೇಳುತ್ತೇನೆ. ಕಾಳ ಎಂಬ ಯುವಕ ಒಂದು ಕಂಪನಿಗೆ ಸೇರಿದ ಎಂದು ಇಟ್ಟುಕೊಳ್ಳಿ. ಹೆಸರು ಉದಾಹರಣೆಗೆ ಮಾತ್ರ. ಕಳುಹಿಸುವ ಕಂಪ್ಯೂಟರ್ ಮೊದಲು ತನ್ನ ಗುರುತಿನ ಚೀಟಿ ತೋರಿಸುತ್ತದೆ. ಇದು ಉದ್ದನೆಯ ಒಂದು ಗುಪ್ತ ಅಕ್ಷರಮಾಲೆ, ಇದಕ್ಕೆ ಟೋಕನ್ ಎನ್ನುತ್ತಾರೆ. ಆಮೇಲೆ ವಿವರ: ಹೆಸರು ಇಂಥದು, ಹುಟ್ಟಿದ ದಿನ ಇಂಥದು, ಕೆಲಸಕ್ಕೆ ಸೇರಿದ ದಿನ ಇಂಥದು, ಹುದ್ದೆ ಇಂಥದು, ಬ್ಯಾಂಕ್ ಖಾತೆ ಇಂಥದು. ಇವುಗಳಲ್ಲಿ ಕೆಲವು ಕಡ್ಡಾಯ, ಕೆಲವು ಇದ್ದರೂ ಸರಿ, ಇಲ್ಲದಿದ್ದರೂ ಸರಿ.

ಒಳಗಿನ ಕಂಪ್ಯೂಟರ್ ಉತ್ತರ ಕೊಡುವುದು ಒಂದು ಅಂಕಿಯಲ್ಲಿ. 201 ಎಂದರೆ ‘ದಾಖಲೆ ಹೊಸದಾಗಿ ಆಯಿತು’ ಎಂದರ್ಥ. ಜೊತೆಗೆ ಆ ನೌಕರನ ನಂಬರೂ ಬರುತ್ತದೆ. 400 ಎಂದರೆ ಕಳುಹಿಸಿದ ಅರ್ಜಿಯೇ ಸರಿಯಿಲ್ಲ, ಯಾವುದೋ ವಿವರ ಬಿಟ್ಟಿದೆ ಅಥವಾ ಕ್ರಮ ತಪ್ಪಿದೆ. 401 ಎಂದರೆ ‘ನೀನು ಯಾರೆಂದು ನನಗೆ ಗೊತ್ತಿಲ್ಲ, ಚೀಟಿ ತೋರಿಸು’. 409 ಎಂದರೆ ‘ನನ್ನಲ್ಲಿ ಆಗಲೇ ಇರುವುದಕ್ಕೂ ಇದಕ್ಕೂ ಘರ್ಷಣೆ ಇದೆ’. ಒಬ್ಬನೇ ಎರಡು ಸಲ ಬಂದಾಗ ಸಾಮಾನ್ಯವಾಗಿ ಈ ಉತ್ತರ. 500 ಎಂದರೆ ‘ತೊಂದರೆ ನನ್ನಲ್ಲೇ ಆಗಿದೆ’. ಇಷ್ಟೆಲ್ಲ ನಡೆಯುವುದು ಕಣ್ಣು ಮಿಟುಕಿಸುವಷ್ಟು ಹೊತ್ತಿನಲ್ಲಿ.

ಕೆಲಸ ಬೇಗ ಆಗುತ್ತದೆ, ನಿಜ. ತಪ್ಪೂ ಅಷ್ಟೇ ಬೇಗ ಹರಡುತ್ತದೆ. ಚೆಕ್‌ರೋಲಿನ ತಪ್ಪು ಆ ತೋಟದ ಗೇಟಿನ ಒಳಗೇ ಉಳಿಯುತ್ತಿತ್ತು. ಈ ತಪ್ಪು ಹಾಜರಿಗೆ, ಸಂಬಳಕ್ಕೆ, ಬ್ಯಾಂಕಿಗೆ, ಭವಿಷ್ಯನಿಧಿಗೆ ಒಂದೇ ದಿನ ತಲುಪಿಬಿಡುತ್ತದೆ. ಆಮೇಲೆ ತಿದ್ದಬೇಕಾದರೆ ಅಷ್ಟೂ ಕಡೆ ತಿದ್ದಬೇಕು.

ತಪ್ಪು ಆಗುವುದು ಮುಖ್ಯವಾಗಿ ಮೂರು ಜಾಗಗಳಲ್ಲಿ. ಮೊದಲನೆಯದು ಹೆಸರು.

ಗಡಿನಾಡಿನವರಿಗೆ ಇದು ಎಲ್ಲರಿಗಿಂತ ಹೆಚ್ಚಿನ ತೊಡಕು. ನಮ್ಮ ಹೊಳೆಯನ್ನೇ ನೋಡಿ. ಕನ್ನಡದಲ್ಲಿ ಕಬಿನಿ, ಮಲಯಾಳದಲ್ಲಿ ಕಬನಿ. ಪೆರಿಕ್ಕಲ್ಲೂರಿನ ಕಡವಿನಲ್ಲಿ ದೋಣಿ ಹತ್ತಿ ಬೈರಕುಪ್ಪೆಯಲ್ಲಿ ಇಳಿಯುವವನಿಗೆ ಎರಡೂ ಒಂದೇ ನೀರು. ನಾವು ಗುಂಡ್ಲುಪೇಟೆ ಎನ್ನುವ ಊರು ಮಲಯಾಳದ ಬಸ್ಸಿನ ಬೋರ್ಡಿನಲ್ಲಿ ಬೇರೆ ರೂಪದಲ್ಲಿರುತ್ತದೆ, ಆದರೂ ನಾವು ಸರಿಯಾದ ಬಸ್ಸನ್ನೇ ಹತ್ತುತ್ತೇವೆ. ಕಂಪ್ಯೂಟರಿಗೆ ಈ ಬುದ್ಧಿ ಇಲ್ಲ. ಒಂದಕ್ಷರ ಬೇರೆಯಾದರೆ ಅದಕ್ಕೆ ಅದು ಬೇರೆ ಹೊಳೆ, ಬೇರೆ ಊರು, ಬೇರೆ ಮನುಷ್ಯ.

ಮನುಷ್ಯರ ಹೆಸರಿಗೆ ಬನ್ನಿ. ಮನೆಯಲ್ಲಿ ಕರೆಯುವುದು ಕಾಳ, ಮಾದ, ಬಸವ, ಬೊಮ್ಮ. ಕೇರಳದ ಶಾಲೆಯಲ್ಲಿ, ರೇಷನ್ ಕಾರ್ಡಿನಲ್ಲಿ ಅದೇ ಹೆಸರು ಕಾಳನ್, ಮಾದನ್, ಬಸವನ್, ಬೊಮ್ಮನ್ ಆಗುತ್ತದೆ. ಹೊಳೆ ದಾಟಿ ಕರ್ನಾಟಕದಲ್ಲಿ ಕೆಲಸಕ್ಕೆ ಸೇರುವಾಗ ಬರೆದುಕೊಳ್ಳುವವರು ಕನ್ನಡದ ಕಿವಿಯಲ್ಲಿ ಕೇಳಿ ಕೊನೆಯ ಅಕ್ಷರ ಬಿಟ್ಟುಬಿಡುತ್ತಾರೆ, ಅಥವಾ ಗೌರವಕ್ಕೆಂದು ಕಾಳಯ್ಯ, ಬಸವಯ್ಯ ಎಂದು ಬರೆಯುತ್ತಾರೆ. ಮೂರೂ ಒಬ್ಬನೇ ಎಂದು ಊರಿಗೆಲ್ಲ ಗೊತ್ತು, ಯಂತ್ರಕ್ಕೆ ಮೂವರು.

ಇನಿಷಿಯಲ್ಲಿನದು ಇನ್ನೊಂದು ಕಥೆ. ಕೆಲವರಿಗೆ ಅದು ಮನೆತನದ ಹೆಸರು, ಕೆಲವರಿಗೆ ಊರು, ಕೆಲವರಿಗೆ ತಂದೆಯ ಹೆಸರು. ಕೆಲವರು ಮುಂದೆ ಬರೆಯುತ್ತಾರೆ, ಕೆಲವರು ಹಿಂದೆ. ಎ.ಪಿ.ಐ. ಕಿಂಡಿಯ ಫಾರ್ಮಿನಲ್ಲಿ ಬಹಳ ಸಲ ‘ಮೊದಲ ಹೆಸರು’, ‘ಕೊನೆಯ ಹೆಸರು’ ಎಂದು ಎರಡು ಕಡ್ಡಾಯ ಜಾಗಗಳಿರುತ್ತವೆ. ಆ ಪದ್ಧತಿ ಪಶ್ಚಿಮ ದೇಶಗಳದು. ಒಂದೇ ಹೆಸರಿರುವ ಕಾಳ ಎರಡನೆಯ ಜಾಗಕ್ಕೆ ಏನು ಬರೆಯಬೇಕು? ಬರೆಯದಿದ್ದರೆ 400 ಎಂಬ ಉತ್ತರ ಬರುತ್ತದೆ. ಆಗ ಕೂತಿರುವ ಗುಮಾಸ್ತರು ಒಂದು ಚುಕ್ಕೆಯನ್ನೋ, ಊರಿನ ಹೆಸರನ್ನೋ, ಅದೇ ಹೆಸರನ್ನು ಎರಡನೇ ಸಲವೋ ಹಾಕಿ ಕೆಲಸ ಮುಗಿಸುತ್ತಾರೆ. ಆ ದಿನದ ಕೆಲಸ ಮುಗಿಯುತ್ತದೆ, ಕಾಳನ ತೊಂದರೆ ಆ ದಿನ ಶುರುವಾಗುತ್ತದೆ.

ಇದಕ್ಕೆ ಇಂಗ್ಲಿಷ್ ಅಕ್ಷರ ಸೇರಿದರೆ ತೊಡಕು ಇನ್ನೂ ಹೆಚ್ಚು. ತ, ಟ, ದ, ಧ, ಳ ಎಂಬ ಸ್ಪಷ್ಟ ಬೇರೆ ಬೇರೆ ಅಕ್ಷರಗಳು ಇಂಗ್ಲಿಷಿಗೆ ಹೋದಾಗ ಒಬ್ಬರು ಒಂದು ರೀತಿ, ಇನ್ನೊಬ್ಬರು ಇನ್ನೊಂದು ರೀತಿ ಬರೆಯುತ್ತಾರೆ. ಕನ್ನಡ, ಮಲಯಾಳ ಎರಡೂ ಲಿಪಿಗಳಿಗೆ ಯೂನಿಕೋಡ್ ಎಂಬ ಜಾಗತಿಕ ಅಕ್ಷರಪಟ್ಟಿಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಸ್ಥಾನವಿದೆ. ಅಂದರೆ ನಮ್ಮ ಹೆಸರನ್ನು ನಮ್ಮ ಲಿಪಿಯಲ್ಲೇ ಇಟ್ಟುಕೊಳ್ಳಲು ಯಂತ್ರಕ್ಕೆ ಅಡ್ಡಿಯಿಲ್ಲ. ಕಿಂಡಿ ಕಟ್ಟುವವರು ಅದಕ್ಕೊಂದು ಜಾಗ ಬಿಡಬೇಕು, ಅಷ್ಟೆ.

ಎರಡನೆಯದು ತಾರೀಕು ಮತ್ತು ಅಂಕಿಗಳು.

3-4-2001 ಎಂದರೆ ನಮಗೆ ಏಪ್ರಿಲ್ ತಿಂಗಳ 3ನೇ ತಾರೀಕು. ಅಮೆರಿಕದವರಿಗೆ ಅದು ಮಾರ್ಚ್ ತಿಂಗಳ 4. ಕೆಲಸಗಾರ ಹೇಳಿದ್ದೂ ಸರಿ, ಗುಮಾಸ್ತರು ಬರೆದದ್ದೂ ಸರಿ, ನಡುವೆ ಯಂತ್ರ ಓದಿದ್ದು ಮಾತ್ರ ಬೇರೆ. ಈ ಗೊಂದಲ ತಪ್ಪಿಸಲೆಂದು ವರ್ಷ ಮೊದಲು, ತಿಂಗಳು ಆಮೇಲೆ, ದಿನ ಕೊನೆಗೆ ಎಂಬ ಅಂತರರಾಷ್ಟ್ರೀಯ ಕ್ರಮವೊಂದಿದೆ: 2001-04-03. ಒಳ್ಳೆಯ ಎ.ಪಿ.ಐ.ಗಳು ಇದನ್ನೇ ಕೇಳುತ್ತವೆ. ಹಾಗೆಯೇ ಬ್ಯಾಂಕ್ ಖಾತೆಯ ಅಂಕಿ ಸೊನ್ನೆಯಿಂದ ಶುರುವಾದರೆ, ಅದನ್ನು ಲೆಕ್ಕದ ಸಂಖ್ಯೆ ಎಂದು ತಿಳಿದ ಯಂತ್ರ ಮುಂದಿನ ಸೊನ್ನೆಗಳನ್ನು ಕಿತ್ತುಹಾಕುತ್ತದೆ. ಖಾತೆಯ ನಂಬರನ್ನು ಯಾರೂ ಕೂಡಿ ಕಳೆಯುವುದಿಲ್ಲವಲ್ಲ. ಅದನ್ನು ಅಕ್ಷರದಂತೆಯೇ ಕಳುಹಿಸಬೇಕು.

ಮೂರನೆಯದು ಒಬ್ಬನಿಗೇ ಎರಡು ದಾಖಲೆಯಾಗುವುದು.

ಕೊಳವಳ್ಳಿಯಂಥ ಅಂಚಿನ ಊರಿನಲ್ಲಿ ಮೊಬೈಲಿಗೆ ಸಿಗ್ನಲ್ ಒಂದು ಮನೆಯಲ್ಲಿ ಇದ್ದರೆ ಇನ್ನೊಂದರಲ್ಲಿ ಇರುವುದಿಲ್ಲ. ಫಾರ್ಮು ಕಳುಹಿಸಿದ ಮೇಲೆ ಉತ್ತರ ಬರುವ ಮುಂಚೆ ಸಂಪರ್ಕ ಕಡಿಯಿತು ಎನ್ನಿ. ಒಳಗೆ ದಾಖಲೆ ಆಗಿದೆ, ‘201’ ಎಂಬ ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗಿದೆ. ಕಳುಹಿಸಿದವರು ಆಗಲಿಲ್ಲವೆಂದು ಮತ್ತೊಮ್ಮೆ ಗುಂಡಿ ಒತ್ತುತ್ತಾರೆ. ಒಬ್ಬ ಕಾಳನಿಗೆ ಎರಡು ನಂಬರು ಆಯಿತು. ಮನಿಯಾರ್ಡರ್ ರಸೀದಿ ಕಳೆಯಿತೆಂದು ಹಣವನ್ನೇ ಎರಡನೇ ಸಲ ಕಳುಹಿಸಿದ ಹಾಗೆ.

ಇದಕ್ಕೆ ಪರಿಹಾರವೂ ರಸೀದಿಯಲ್ಲೇ ಇದೆ. ಕಳುಹಿಸುವವರು ಪ್ರತಿ ಅರ್ಜಿಗೂ ತಮ್ಮದೇ ಒಂದು ಕ್ರಮಸಂಖ್ಯೆ ಹಾಕಿ ಕಳುಹಿಸಬೇಕು. ಎರಡನೇ ಸಲ ಕಳುಹಿಸುವಾಗಲೂ ಅದೇ ಸಂಖ್ಯೆ. ಒಳಗಿನ ಯಂತ್ರ ಅದನ್ನು ನೋಡಿ, ‘ಈ ಅರ್ಜಿ ಆಗಲೇ ಬಂದಿದೆ, ಹಳೆಯ ಉತ್ತರವನ್ನೇ ತೆಗೆದುಕೋ’ ಎನ್ನುತ್ತದೆ. ಹೀಗೆ ಕಟ್ಟಿದ ಕಿಂಡಿಯಲ್ಲಿ ಹತ್ತು ಸಲ ಒತ್ತಿದರೂ ದಾಖಲೆ ಒಂದೇ ಆಗುತ್ತದೆ.

ಬಂಧುಗಳೇ, ‘ಇದೆಲ್ಲ ಕಂಪನಿಯವರ ತಲೆನೋವು, ನಮಗೇನು?’ ಎಂದು ಯಾರಾದರೂ ಕೇಳಬಹುದು. ನಷ್ಟ ಆಗುವುದು ಯಾರಿಗೆ ಎಂದು ಈಗ ನೋಡೋಣ.

ಭವಿಷ್ಯನಿಧಿಯನ್ನು ತೆಗೆದುಕೊಳ್ಳಿ. ಹಿಂದೆ ಒಬ್ಬ ಕೆಲಸಗಾರ ಮಾಲೀಕನನ್ನು ಬದಲಿಸಿದಾಗಲೆಲ್ಲ ಹೊಸ ಖಾತೆ ನಂಬರು ಬರುತ್ತಿತ್ತು. 2014ರ ಅಕ್ಟೋಬರಿನಲ್ಲಿ ಯು.ಎ.ಎನ್. ಎಂಬ 12 ಅಂಕಿಯ ನಂಬರು ಬಂತು. ಎಷ್ಟು ಕಡೆ ಕೆಲಸ ಮಾಡಿದರೂ ಒಬ್ಬನಿಗೆ ಜೀವಮಾನಕ್ಕೆಲ್ಲ ಒಂದೇ ನಂಬರು ಎಂಬುದು ಅದರ ಉದ್ದೇಶ. ಆದರೆ ಹೊಸ ಕೆಲಸಕ್ಕೆ ಸೇರುವಾಗ ಹಳೆಯ ನಂಬರನ್ನು ಹೇಳದಿದ್ದರೆ, ಅಥವಾ ಹೆಸರು ತಾಳೆಯಾಗದಿದ್ದರೆ, ಎರಡನೇ ನಂಬರು ಹುಟ್ಟಿಬಿಡುವ ಸಂಭವವಿತ್ತು. ಅನೇಕರಿಗೆ ಹಾಗಾಗಿದೆ.

ಇದರ ಪೆಟ್ಟು ಬೀಳುವುದು ಪಿಂಚಣಿಗೆ. 1995ರ ನೌಕರರ ಪಿಂಚಣಿ ಯೋಜನೆಯಂತೆ 10 ವರ್ಷದ ಸೇವೆ ಆಗಿದ್ದರೆ 58ನೇ ವಯಸ್ಸಿಗೆ ತಿಂಗಳ ಪಿಂಚಣಿಗೆ ಅರ್ಹತೆ. ಕಾಳ ಒಂದು ಕಡೆ 6 ವರ್ಷ, ಇನ್ನೊಂದು ಕಡೆ 5 ವರ್ಷ ದುಡಿದಿದ್ದಾನೆ. ಒಟ್ಟು 11. ಎರಡೂ ಒಂದೇ ನಂಬರಿನಲ್ಲಿದ್ದರೆ ಪಿಂಚಣಿ ಉಂಟು. ಒಂದು ಕಡೆ ಕಾಳ, ಇನ್ನೊಂದು ಕಡೆ ಕಾಳನ್ ಎಂದು ಎರಡು ನಂಬರಿನಲ್ಲಿ ಸೇರದೆ ಉಳಿದರೆ, ಯಾವುದರಲ್ಲೂ 10 ತುಂಬುವುದಿಲ್ಲ. ತಿಂಗಳು ತಿಂಗಳು ಬರಬೇಕಾದ ಹಣದ ಬದಲು ಒಂದು ಸಲದ ಸಣ್ಣ ಮೊತ್ತ ಕೈಗೆ ಬರುತ್ತದೆ. ಒಂದು ಅಕ್ಷರಕ್ಕೆ ಮುದುಕುತನದ ಅನ್ನ ಹೋಯಿತು.

ಉದ್ಯೋಗ ಖಾತ್ರಿಯ ಅನುಭವವೂ ನಮ್ಮ ಮುಂದಿದೆ. 2006ರ ಫೆಬ್ರವರಿ 2ರಂದು ದೇಶದ 200 ಜಿಲ್ಲೆಗಳಲ್ಲಿ ಆ ಯೋಜನೆ ಶುರುವಾದಾಗ ಕೇರಳದಿಂದ ಸೇರಿದ್ದ ಎರಡು ಜಿಲ್ಲೆಗಳಲ್ಲಿ ವಯನಾಡು ಒಂದು. ಮೊದಲು ಕಾಗದದ ಮಸ್ಟರ್ ರೋಲ್. 2023ರ ಜನವರಿ 1ರಿಂದ ಮೊಬೈಲಿನಲ್ಲಿ ದಿನಕ್ಕೆ ಎರಡು ಸಲ ಫೋಟೋ ತೆಗೆದು ಹಾಜರಿ ಹಾಕುವುದು ಕಡ್ಡಾಯವಾಯಿತು. 2024ರ ಜನವರಿ 1ರಿಂದ ಕೂಲಿ ಹಣ ಆಧಾರ್ ಮೂಲಕವೇ ಎಂದಾಯಿತು. ಆಧಾರಿನ ಕಿಂಡಿಯಲ್ಲಿ ಹೆಸರನ್ನು ತಾಳೆ ನೋಡುವಾಗ ಬರುವ ಉತ್ತರ ಹೌದು ಅಥವಾ ಅಲ್ಲ, ಎರಡೇ. ‘ಸ್ವಲ್ಪ ವ್ಯತ್ಯಾಸ ಇದೆ, ಆದರೆ ಇವನೇ’ ಎನ್ನುವ ರೈಟರು ಅಲ್ಲಿ ಕೂತಿಲ್ಲ. 2022-23ರ ಒಂದೇ ಸಾಲಿನಲ್ಲಿ ದೇಶದಾದ್ಯಂತ 5 ಕೋಟಿಗೂ ಹೆಚ್ಚು ಕೆಲಸಗಾರರ ಹೆಸರು ಪಟ್ಟಿಯಿಂದ ತೆಗೆಯಲಾಯಿತೆಂದು ಸರ್ಕಾರವೇ ಲೋಕಸಭೆಗೆ ತಿಳಿಸಿತು. ನಕಲಿ, ಎರಡು ಸಲ ಬಂದದ್ದು, ಕೆಲಸ ಬೇಡವೆಂದವರು ಎಂದೆಲ್ಲ ಕಾರಣ ಕೊಟ್ಟಿದ್ದರು. ‘ಎರಡು ಸಲ ಬಂದದ್ದು’ ಎಂಬ ಮಾತನ್ನು ಗಡಿನಾಡಿನವರು ಗಮನಿಸಬೇಕು.

ಇನ್ನು ಯಾವ ಚೆಕ್‌ರೋಲಿನಲ್ಲೂ ಇಲ್ಲದವರ ಮಾತು. ಮೈಸೂರು, ಕೊಡಗು ಕಡೆ ಗುತ್ತಿಗೆ ಹೊಲಗಳಲ್ಲಿ ಶುಂಠಿ ನಾಟಿಗೆ, ಶುಂಠಿ ಕೀಳಲು ಹೋಗುವ ನಮ್ಮ ಹೆಣ್ಣುಮಕ್ಕಳ, ಗಂಡಸರ ಹೆಸರು ಎಲ್ಲಿ ಬರೆದಿದೆ? ಹೆಚ್ಚಿನವರದು ಮೇಸ್ತ್ರಿಯ ಜೇಬಿನ ಚೀಟಿಯಲ್ಲಿ ಮಾತ್ರ. ಇಂಥವರಿಗಾಗಿಯೇ 2021ರ ಆಗಸ್ಟ್ 26ರಂದು ಕೇಂದ್ರ ಸರ್ಕಾರ ಇ-ಶ್ರಮ್ ಎಂಬ ದಾಖಲಾತಿ ಶುರುಮಾಡಿತು. 16ರಿಂದ 59 ವಯಸ್ಸಿನ ಅಸಂಘಟಿತ ಕೆಲಸಗಾರರು ಹೆಸರು ಬರೆಸಬಹುದು, ಖರ್ಚಿಲ್ಲ. 12 ಅಂಕಿಯ ನಂಬರು ಕೊಡುತ್ತಾರೆ. 30 ಕೋಟಿಗೂ ಮೀರಿ ಜನ ಸೇರಿದ್ದಾರೆ. 2025ರ ಜನವರಿಯಿಂದ ಅದು ಕನ್ನಡ, ಮಲಯಾಳ ಸೇರಿ 22 ಭಾಷೆಗಳಲ್ಲಿ ಸಿಗುತ್ತಿದೆ. ಹೊಳೆಯ ಯಾವ ದಡದಲ್ಲಿ ದುಡಿದರೂ ನಂಬರು ಒಂದೇ ಎಂಬುದು ನಮಗೆ ಇದರಲ್ಲಿ ದೊಡ್ಡ ಅನುಕೂಲ.

ಹಾಗಾದರೆ ನಾವು ಮಾಡಬೇಕಾದದ್ದೇನು? ಕೆಲವು ಮಾತು ಹೇಳುತ್ತೇನೆ, ಬೇಕಾದವರು ಗುರುತು ಹಾಕಿಕೊಳ್ಳಿ.

ಒಂದು. ಆಧಾರ್, ಬ್ಯಾಂಕ್ ಪುಸ್ತಕ, ರೇಷನ್ ಕಾರ್ಡ್, ಶಾಲೆಯ ಸರ್ಟಿಫಿಕೇಟ್ ನಾಲ್ಕನ್ನೂ ಪಕ್ಕಪಕ್ಕದಲ್ಲಿಟ್ಟು ಹೆಸರನ್ನು ಅಕ್ಷರ ಅಕ್ಷರ ಓದಿಸಿ ನೋಡಿ. ಓದಲು ಬಾರದ ಹಿರಿಯರು ಮಕ್ಕಳ ಕೈಯಲ್ಲಿ ಓದಿಸಲಿ. ಬೇರೆ ಬೇರೆ ಇದ್ದರೆ ಯಾವ ರೂಪ ನಮ್ಮದು ಎಂದು ಮನೆಯಲ್ಲೇ ತೀರ್ಮಾನಿಸಿ, ಆಮೇಲೆ ಅಕ್ಷಯ ಕೇಂದ್ರಕ್ಕೆ ಹೋಗಿ. ಆಧಾರಿನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನಕ್ಕೆ ಒಂದೇ. ಅವಸರದಲ್ಲಿ ಒಂದನ್ನು ಹಾಳು ಮಾಡಿಕೊಳ್ಳಬೇಡಿ.

ಎರಡು. ಕೆಲಸಕ್ಕೆ ಸೇರಿದ ದಿನ, ‘ನನ್ನ ಹೆಸರು, ತಾರೀಕು ಹೇಗೆ ಹಾಕಿದ್ದೀರಿ, ಒಮ್ಮೆ ತೋರಿಸಿ ಸಾರ್’ ಎಂದು ಕೇಳಿ. ಕೇಳಲು ಸಂಕೋಚ ಬೇಡ. ಆ ದಿನ ತಿದ್ದುವುದು ಒಂದು ನಿಮಿಷದ ಕೆಲಸ. ಹಳೆಯ ಯು.ಎ.ಎನ್. ಇದ್ದರೆ ಕೇಳುವ ಮುಂಚೆಯೇ ಹೇಳಿ.

ಮೂರು. ಭವಿಷ್ಯನಿಧಿಯಲ್ಲಿ ತಪ್ಪಿದ್ದರೆ ಕೈಬಿಡಬೇಡಿ. 2017ರ ಅಕ್ಟೋಬರ್ 1ರ ನಂತರ ಕೊಟ್ಟ, ಆಧಾರಿಗೆ ಜೋಡಿಸಿದ ನಂಬರಾದರೆ ಹೆಸರು, ಹುಟ್ಟಿದ ದಿನ ಮೊದಲಾದವನ್ನು ಮಾಲೀಕರ ಒಪ್ಪಿಗೆಗೆ ಕಾಯದೆ ಸದಸ್ಯರೇ ತಿದ್ದಿಕೊಳ್ಳಲು 2025ರ ಜನವರಿಯಿಂದ ಅವಕಾಶ ಕೊಟ್ಟಿದ್ದಾರೆ. ಎರಡು ನಂಬರಿದ್ದರೆ ಹಳೆಯದರ ಸೇವೆಯನ್ನು ಹೊಸದಕ್ಕೆ ವರ್ಗ ಮಾಡಿಸಿಕೊಳ್ಳಬೇಕು.

ನಾಲ್ಕು. ಮೊಬೈಲಿಗೆ ಬರುವ ಓ.ಟಿ.ಪಿ. ಅಂಕಿಯನ್ನು ಮೇಸ್ತ್ರಿಗೂ ಹೇಳಬೇಡಿ, ಫೋನಿನಲ್ಲಿ ಕೇಳುವವರಿಗೂ ಹೇಳಬೇಡಿ. ಅದು ಮನೆಯ ಬೀಗದ ಕೈ. ಕಿಂಡಿಯ ಟೋಕನ್ ಕೂಡ ಕಂಪನಿಗೆ ಅಂಥದೇ. ಅದು ಹೊರಗೆ ಬಿದ್ದರೆ ಎಲ್ಲ ನೌಕರರ ಖಾತೆ, ವಿಳಾಸ, ವಯಸ್ಸು ಬೀದಿಗೆ ಬಿದ್ದ ಹಾಗೆ. ಇಂಥ ಸ್ವಂತ ವಿವರಗಳ ರಕ್ಷಣೆಗೆ 2023ರಲ್ಲಿ ಸಂಸತ್ತು ಒಂದು ಕಾಯಿದೆ ಮಾಡಿತು, 2025ರ ನವೆಂಬರಿನಲ್ಲಿ ಅದರ ನಿಯಮಗಳು ಪ್ರಕಟವಾದವು. ಹಂತ ಹಂತವಾಗಿ ಜಾರಿಗೆ ಬರುವ ಈ ಕಾಯಿದೆಯಲ್ಲಿ ನಮ್ಮ ವಿವರದ ತಪ್ಪನ್ನು ತಿದ್ದಿಸಿಕೊಳ್ಳುವ ಹಕ್ಕನ್ನೂ ಬರೆದಿದ್ದಾರೆ.

ಕಡೆಯ ಮಾತು ನಮ್ಮ ಊರುಗಳ ಓದಿದ ಮಕ್ಕಳಿಗೆ. ಪುಲ್ಪಳ್ಳಿ, ಮುಳ್ಳಂಕೊಲ್ಲಿ ಕಡೆಯಿಂದ ಬೆಂಗಳೂರಿಗೆ, ಕೊಚ್ಚಿಗೆ ಹೋಗಿ ಇಂಥದೇ ಕಿಂಡಿಗಳನ್ನು ಕಟ್ಟುವ ಕೆಲಸ ಮಾಡುತ್ತಿರುವವರಿದ್ದೀರಿ. ಅಕ್ಷಯ ಕೇಂದ್ರದಲ್ಲಿ, ತೋಟದ ಆಫೀಸಿನಲ್ಲಿ ಕೂತು ಫಾರ್ಮು ತುಂಬುವವರಿದ್ದೀರಿ. ‘ಕೊನೆಯ ಹೆಸರು’ ಎಂಬುದನ್ನು ಕಡ್ಡಾಯ ಮಾಡುವ ಮುಂಚೆ, ಒಂದೇ ಹೆಸರಿನ ನಿಮ್ಮ ಅಜ್ಜನನ್ನು ನೆನೆಸಿಕೊಳ್ಳಿ. ಕನ್ನಡದ ಹೆಸರಿಗೂ ಮಲಯಾಳದ ಹೆಸರಿಗೂ ಜಾಗವಿಡಿ. ಅರ್ಜಿ ಹಿಂದೆ ಬಂದಾಗ ಬರೀ ಒಂದು ಅಂಕಿ ತೋರಿಸಬೇಡಿ, ಯಾವ ಜಾಗದಲ್ಲಿ ಏನು ತಪ್ಪಿದೆ ಎಂದು ಬಿಡಿಸಿ ಬರೆಯಿರಿ. ಚುಕ್ಕೆ ಹಾಕಿ ಕೆಲಸ ಮುಗಿಸುವ ಮುಂಚೆ ಎದುರಿಗಿರುವವರನ್ನು ಒಂದು ಮಾತು ಕೇಳಿ.

ಯಂತ್ರ ಸುಳ್ಳು ಹೇಳುವುದಿಲ್ಲ, ಆದರೆ ತಾನಾಗಿ ನಿಜವನ್ನು ಹುಡುಕಿಕೊಂಡೂ ಬರುವುದಿಲ್ಲ. ನಾವು ಕೊಟ್ಟದ್ದನ್ನೇ ಎಲ್ಲೆಡೆಗೆ ಹೊತ್ತೊಯ್ಯುತ್ತದೆ. ಮೊದಲ ಸಲ ಕೊಡುವಾಗ ಸರಿಯಾಗಿ ಕೊಡುವುದು, ಕೊಟ್ಟದ್ದನ್ನು ನೋಡಿಕೊಳ್ಳುವುದು, ತಪ್ಪಿದ್ದರೆ ಕೇಳಿ ತಿದ್ದಿಸುವುದು, ಈ ಮೂರು ಮನುಷ್ಯರ ಕೆಲಸಗಳು. ಇವನ್ನು ಮಾಡಿದರೆ ದುಡಿದ ಕೈಗೆ ದುಡಿಮೆಯ ಫಲ ಸೇರುತ್ತದೆ.